ಸೆಪ್ಟೆಂಬರ್ 1ರಿಂದ ಒಬ್ಬರಿಗೆ ಒಂದು ಲಾಗಿನ್: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೆ,

ಬರುವ ಸೆಪ್ಟೆಂಬರ್ 1ರಿಂದ ನಾವು ನಿರ್ವಹಿಸುವ ಎಲ್ಲ ಸರ್ವರ್‌ಗಳಲ್ಲಿ ಒಬ್ಬರಿಗೆ ಒಂದು ಲಾಗಿನ್ ಎಂಬ ನಿಯಮ ಜಾರಿಗೆ ಬರುತ್ತದೆ. ರಾಯಚೂರಿನ ರಾಜೇಂದ್ರ ಗಂಜ್‌ನ ದಲಾಲಿ ಅಂಗಡಿಯಿರಲಿ, ಸಿಂಧನೂರು ಕಡೆಯ ರೈಸ್ ಮಿಲ್ಲಿರಲಿ, ಹತ್ತಿ ಜಿನ್ನಿಂಗ್ ಘಟಕವಿರಲಿ, ಕಂಪ್ಯೂಟರ್ ಮುಟ್ಟುವವರೆಲ್ಲ ತಮ್ಮ ಹೆಸರಿನ ಖಾತೆಯಿಂದಲೇ ಕೆಲಸ ಮಾಡಬೇಕಾಗುತ್ತದೆ. ಕಚೇರಿಯವರಿಗೆಲ್ಲ ಬಾಯಿಪಾಠವಾಗಿರುವ, ಕೆಲವು ಕಡೆ ಮಾನಿಟರಿನ ಅಂಚಿಗೆ ಚೀಟಿಯಾಗಿ ಅಂಟಿಕೊಂಡಿರುವ ಆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್, ಅಂದರೆ ಸರ್ವರ್‌ನ ಮೇಲೆ ಪೂರ್ಣ ಅಧಿಕಾರ ಕೊಡುವ ಖಾತೆಯ ಪಾಸ್‌ವರ್ಡ್, ಅಂದು ಬದಲಾಗುತ್ತದೆ. ಹೊಸದು ನಮ್ಮ ಎಂಜಿನಿಯರುಗಳ ಬಳಿಯೂ ಇರುವುದಿಲ್ಲ. ಎಲ್ಲಿರುತ್ತದೆ ಎಂಬುದನ್ನು ಮುಂದೆ ತಿಳಿಸಿದ್ದೇವೆ.

ಈ ನಿರ್ಧಾರಕ್ಕೆ ಬರಲು ಕಾರಣವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಕಳೆದ ಹಂಗಾಮಿನಲ್ಲಿ ಗ್ರಾಹಕರೊಬ್ಬರ ಸರ್ವರ್‌ನಿಂದ ಇಡೀ ವರ್ಷದ ದರಪಟ್ಟಿಯ ಫೋಲ್ಡರ್ ಅಳಿದುಹೋಯಿತು. ಬ್ಯಾಕಪ್ ಇದ್ದುದರಿಂದ ಮಧ್ಯಾಹ್ನದೊಳಗೆ ಫೋಲ್ಡರ್ ಮರಳಿ ಬಂತು. ಆದರೆ ಯಜಮಾನರು ಕೇಳಿದ್ದು ಬೇರೆ ಪ್ರಶ್ನೆ: ಅಳಿಸಿದವರು ಯಾರು? ಸರ್ವರ್‌ನ ಭದ್ರತಾ ದಾಖಲೆಯನ್ನು ತೆರೆದು ಅವರ ಮುಂದೆಯೇ ಇಟ್ಟೆವು. ಯಶಸ್ವಿಯಾದ ಪ್ರತಿ ಲಾಗಿನ್‌ಗೂ ವಿಂಡೋಸ್ 4624 ಎಂಬ ಸಂಖ್ಯೆಯಡಿ ಒಂದು ನಮೂದು ಬರೆದಿಡುತ್ತದೆ. ಅಂದು ಬೆಳಿಗ್ಗೆಯ ನಮೂದುಗಳಲ್ಲಿ ಲೆಕ್ಕದ ಕೋಣೆಯ ಕಂಪ್ಯೂಟರಿನಿಂದ ಬಂದವರು ಅಡ್ಮಿನಿಸ್ಟ್ರೇಟರ್, ಗೋದಾಮಿನಿಂದ ಬಂದವರು ಅಡ್ಮಿನಿಸ್ಟ್ರೇಟರ್, ತೂಕದ ಕೋಣೆಯಿಂದ ಬಂದವರೂ ಅಡ್ಮಿನಿಸ್ಟ್ರೇಟರ್. ಸರ್ವರ್ ತನ್ನ ಕೆಲಸವನ್ನು ನಿಯತ್ತಾಗಿಯೇ ಮಾಡಿತ್ತು. ಎಲ್ಲರೂ ಒಬ್ಬನೇ ಮನುಷ್ಯನ ಹೆಬ್ಬೆಟ್ಟು ಒತ್ತಿದರೆ ದಸ್ತಾವೇಜು ಏನು ಹೇಳೀತು?

ಅನುಮಾನ ಹೋದದ್ದು ಹೊಸದಾಗಿ ಸೇರಿದ್ದ ಹುಡುಗನ ಮೇಲೆ. ಅವನೇ ಮಾಡಿದ್ದಾನೆ ಎನ್ನಲು ನಮ್ಮಲ್ಲಿ ಪುರಾವೆಯಿರಲಿಲ್ಲ. ಅವನು ಮಾಡಿಲ್ಲ ಎಂದು ಅವನ ಪರವಾಗಿ ಹೇಳಲೂ ಪುರಾವೆಯಿರಲಿಲ್ಲ. ಆ ಪಾಸ್‌ವರ್ಡ್ ಯುಗಾದಿಗೆ ಕೆಲಸ ಬಿಟ್ಟು ಹೋದ ಗುಮಾಸ್ತರಿಗೂ ಗೊತ್ತಿತ್ತು ಎಂಬುದು ಆಮೇಲೆ ಮಾತಿನ ಮಧ್ಯೆ ಹೊರಬಿತ್ತು. ಹುಡುಗ ತಿಂಗಳೊಳಗೆ ಬೇರೆ ಕಡೆ ಸೇರಿಕೊಂಡ. ಪ್ರತ್ಯೇಕ ಲಾಗಿನ್ ಎಂದರೆ ನೌಕರರ ಮೇಲೆ ಕಣ್ಣಿಡುವ ತಂತ್ರ ಎಂದು ಕೆಲವರು ಭಾವಿಸುತ್ತಾರೆ. ತಪ್ಪು ಮಾಡದವನನ್ನು ಕಾಪಾಡುವುದೂ ಅದೇ ಎಂಬುದು ನಮ್ಮ ಅಭಿಪ್ರಾಯ. ನಿಮ್ಮ ಸಿಬ್ಬಂದಿಗೆ ಈ ಬದಲಾವಣೆಯನ್ನು ತಿಳಿಸುವಾಗ ದಯವಿಟ್ಟು ಈ ಮಾತನ್ನು ಮೊದಲು ಹೇಳಿ.

ಇನ್ನು ವ್ಯವಸ್ಥೆಯ ವಿಷಯ. ನಿಮ್ಮ ಸರ್ವರ್‌ನಲ್ಲಿ ಆ್ಯಕ್ಟಿವ್ ಡೈರೆಕ್ಟರಿ ಎಂಬ ಸೇವೆ ಈಗಾಗಲೇ ಇದೆ. ವಿಂಡೋಸ್ 2000 ಸರ್ವರ್‌ನೊಂದಿಗೆ ಬಂದ ಈ ಸೇವೆಯ ಕೆಲಸ ಯಾರು ಯಾರು, ಯಾರು ಯಾವ ಗುಂಪಿಗೆ ಸೇರಿದವರು ಎಂಬುದನ್ನು ಒಂದೇ ಕಡೆ ಇಟ್ಟುಕೊಳ್ಳುವುದು. ಹಣ ಕೊಟ್ಟು ಖರೀದಿಸಿದ ಈ ಸೇವೆಯನ್ನು ನಮ್ಮ ಬಹುಪಾಲು ಗ್ರಾಹಕರು ಬಳಸುತ್ತಿರುವುದು ಪ್ರಿಂಟರ್ ಹಂಚಿಕೊಳ್ಳಲಿಕ್ಕೆ ಮಾತ್ರ. ಇನ್ನು ಮುಂದೆ ಲೆಕ್ಕಪತ್ರ, ಖರೀದಿ, ಗೋದಾಮು, ತೂಕ ಎಂದು ಗುಂಪುಗಳಿರುತ್ತವೆ. ಅನುಮತಿ ಸಿಗುವುದು ಗುಂಪಿಗೆ. ಮನುಷ್ಯರು ಗುಂಪಿಗೆ ಸೇರುತ್ತಾರೆ, ಬಿಡುತ್ತಾರೆ. ಬೆಳಿಗ್ಗೆ ಲಾಗಿನ್ ಆದಾಗ ಸರ್ವರ್ ಕೊಡುವ ಟಿಕೆಟ್ ಎಂಬ ಪ್ರವೇಶ ಚೀಟಿಯಲ್ಲಿ ಆ ಹೊತ್ತಿನ ಗುಂಪುಗಳ ಪಟ್ಟಿಯಿರುತ್ತದೆ. ಹಾಗಾಗಿ ಮಧ್ಯಾಹ್ನ ಯಾರನ್ನಾದರೂ ಹೊಸ ಗುಂಪಿಗೆ ಸೇರಿಸಿದರೆ ಅವರು ಒಮ್ಮೆ ಲಾಗ್‌ಆಫ್ ಆಗಿ ಬರಬೇಕು. ‘ಅನುಮತಿ ಕೊಟ್ಟಿದ್ದೀರಿ, ಫೋಲ್ಡರ್ ತೆರೆಯುತ್ತಿಲ್ಲ’ ಎಂದು ಫೋನ್ ಮಾಡುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ.

ಕೆಲಸ ಬಿಟ್ಟವರ ಖಾತೆಯನ್ನು ನಾವು ಅಳಿಸುವುದಿಲ್ಲ, ನಿಷ್ಕ್ರಿಯಗೊಳಿಸುತ್ತೇವೆ. ಡೈರೆಕ್ಟರಿ ಮನುಷ್ಯನನ್ನು ಗುರುತಿಸುವುದು ಹೆಸರಿನಿಂದಲ್ಲ, ಖಾತೆ ಹುಟ್ಟಿದಾಗ ಕೊಟ್ಟ ಒಂದು ಉದ್ದನೆಯ ಸಂಖ್ಯೆಯಿಂದ. ಖಾತೆ ಅಳಿಸಿ ಅದೇ ಹೆಸರಿನಲ್ಲಿ ಇನ್ನೊಂದನ್ನು ತೆರೆದರೆ ಸಂಖ್ಯೆ ಬೇರೆ, ಹಳೆಯ ಅನುಮತಿ ಒಂದೂ ಬರುವುದಿಲ್ಲ. ಸುಗ್ಗಿ ಮುಗಿಸಿ ಊರಿಗೆ ಹೋದ ಗುಮಾಸ್ತರು ಮುಂದಿನ ಸುಗ್ಗಿಗೆ ಮರಳುವುದು ನಮ್ಮ ಕಡೆ ಸಾಮಾನ್ಯ. ಅಂಥವರ ಖಾತೆಯನ್ನು ಮತ್ತೆ ಚಾಲನೆಗೊಳಿಸಿದರೆ ಸಾಕು. ನಿಮ್ಮಿಂದ ನಾವು ಬಯಸುವುದು ಇಷ್ಟು: ಯಾರಾದರೂ ಬಿಟ್ಟರೆ ಅಂದೇ ತಿಳಿಸಿ, ಸಂಬಳದ ಲೆಕ್ಕ ಚುಕ್ತಾ ಆಗುವವರೆಗೆ ಕಾಯಬೇಡಿ.

ಲಾಗಿನ್ ಹೆಸರುಗಳ ಬಗ್ಗೆ ಒಂದು ಮಾತು. ‘ಕ್ಯಾಷಿಯರ್’, ‘ಆಫೀಸ್1’ ಎಂಬಂಥ ಹೆಸರುಗಳಿಗೆ ಇನ್ನು ಅವಕಾಶವಿಲ್ಲ. ಒಂದೇ ಮಿಲ್ಲಿನಲ್ಲಿ ಮೂವರು ಬಸವರಾಜರು, ಇಬ್ಬರು ಶರಣಪ್ಪರು ಇರುವ ಸೀಮೆ ನಮ್ಮದು. ಆದ್ದರಿಂದ ಹೆಸರಿನ ಜೊತೆ ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸುತ್ತೇವೆ. ಲಾಗಿನ್ ಹೆಸರು 20 ಅಕ್ಷರ ಮೀರುವಂತಿಲ್ಲವಾದ್ದರಿಂದ ಕೆಲವರ ಊರನ್ನು ಮೊಟಕುಗೊಳಿಸಬೇಕಾದೀತು. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಡುತ್ತೇವೆ, ಆದರೆ ಪರದೆಯ ಮೇಲೆ ಕಾಣುವ ಪೂರ್ಣ ಹೆಸರನ್ನು ಕನ್ನಡದಲ್ಲಿಯೇ ಹಾಕಬಹುದು. ಬೇಕೆಂದವರು ಪಟ್ಟಿಯಲ್ಲಿ ಸೂಚಿಸಿ.

ಅತಿ ಹೆಚ್ಚು ತಕರಾರು ಬಂದದ್ದು ವೇಬ್ರಿಡ್ಜ್ ಇರುವ ಮಿಲ್ಲುಗಳಿಂದ, ಅದು ನ್ಯಾಯವಾದ ತಕರಾರೇ. ನವೆಂಬರ್ ತಿಂಗಳಲ್ಲಿ ಭತ್ತದ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿ ನಿಂತಿರುವಾಗ ತೂಕ ಮಾಡುವವರು ಹತ್ತು ನಿಮಿಷಕ್ಕೊಮ್ಮೆ ಪಾಸ್‌ವರ್ಡ್ ಒತ್ತುತ್ತ ಕೂರಲಾಗುವುದಿಲ್ಲ. ಖಾಲಿ ಲಾರಿ ಹತ್ತಿ, ಅಂಕಿ ಸ್ಥಿರವಾಗುವ ಹೊತ್ತಿಗೆ ಪರದೆ ಲಾಕ್ ಆದರೆ ಚಾಲಕರ ಬೈಗುಳ ಕೇಳಬೇಕಾದವರು ನಾವಲ್ಲ. ಆದ್ದರಿಂದ ತೂಕದ ಕಂಪ್ಯೂಟರಿಗೆ ಮಾತ್ರ ವಿನಾಯಿತಿ. ಅದು ತಾನಾಗಿಯೇ ಒಂದು ಸೀಮಿತ ಖಾತೆಯಲ್ಲಿ ತೆರೆದುಕೊಳ್ಳುತ್ತದೆ. ಆ ಖಾತೆಗೆ ತೂಕದ ತಂತ್ರಾಂಶ ಮತ್ತು ಚೀಟಿ ಮುದ್ರಿಸುವ ಪ್ರಿಂಟರ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಲೆಕ್ಕದ ಫೋಲ್ಡರ್ ಇಲ್ಲ, ಇಂಟರ್‌ನೆಟ್ ಇಲ್ಲ, ಪೆನ್‌ಡ್ರೈವ್ ಕೂಡ ಇಲ್ಲ. ಯಾರ ಪಾಳಿ ಎಂಬುದನ್ನು ತೂಕದ ತಂತ್ರಾಂಶದೊಳಗೇ ನಮೂದಿಸಬೇಕು. ರಾತ್ರಿ ಪಾಳಿಯವರು ಅದರಲ್ಲಿ ಸಿನಿಮಾ ನೋಡಲಾಗುವುದಿಲ್ಲ ಎಂಬ ದೂರು ಬಂದರೆ ಅದನ್ನು ನೀವೇ ನಿಭಾಯಿಸಬೇಕು.

ಈಗ ಅಡ್ಮಿನಿಸ್ಟ್ರೇಟರ್ ಖಾತೆ. ಸರ್ವರ್‌ನೊಂದಿಗೇ ಹುಟ್ಟುವ ಈ ಖಾತೆಯನ್ನು ಅಳಿಸಲು ಬರುವುದಿಲ್ಲ. ಆದ್ದರಿಂದ ಉದ್ದನೆಯ ಹೊಸ ಪಾಸ್‌ವರ್ಡ್ ಹಾಕಿ, ಡೈರೆಕ್ಟರಿ ಕೆಟ್ಟಾಗ ದುರಸ್ತಿಗೆ ಬೇಕಾಗುವ ಇನ್ನೊಂದು ಪಾಸ್‌ವರ್ಡನ್ನೂ ಜೊತೆಗೆ ಬರೆದು, ಲಕೋಟೆಯಲ್ಲಿ ಮುಚ್ಚಿ ಯಜಮಾನರ ಕೈಗೆ ಕೊಡುತ್ತೇವೆ. ಅಂಟಿಸಿದ ಬಾಯಿಯ ಮೇಲೆ ಅವರ ಸಹಿ ಮತ್ತು ದಿನಾಂಕ ಇರಬೇಕು. ಲಕೋಟೆ ತಿಜೋರಿಯಲ್ಲಿರಲಿ. ತುರ್ತಿಗೆ ಒಡೆದರೆ ಅಡ್ಡಿಯಿಲ್ಲ. ಕೆಲಸ ಮುಗಿದ ಮೇಲೆ ಹೊಸ ಪಾಸ್‌ವರ್ಡ್, ಹೊಸ ಲಕೋಟೆ. ನಮ್ಮ ಎಂಜಿನಿಯರುಗಳು ನಿಮ್ಮ ಸರ್ವರ್‌ಗೆ ಬರುವುದು ತಮ್ಮ ತಮ್ಮ ಹೆಸರಿನ ಖಾತೆಯಿಂದ, ಕೆಲಸವಿದ್ದ ದಿನ ಮಾತ್ರ. ಈ ಏರ್ಪಾಟಿನಿಂದ ನಮ್ಮನ್ನು ಬಿಟ್ಟು ಬೇರೆಯವರಿಗೆ ಕೆಲಸ ಒಪ್ಪಿಸುವುದು ನಿಮಗೆ ಸುಲಭವಾಗುತ್ತದೆ ಎಂದು ಹಿತೈಷಿಗಳೊಬ್ಬರು ನಮ್ಮನ್ನು ಎಚ್ಚರಿಸಿದರು. ಸರ್ವರ್ ನಿಮ್ಮದು, ಪಾಸ್‌ವರ್ಡೂ ನಿಮ್ಮದಾಗಿರಬೇಕು.

ಇಷ್ಟೊಂದು ಬಿಗಿ ಯಾಕೆ ಎನ್ನುವವರಿಗೆ 2017ರ ಜೂನ್ 27ರ ಘಟನೆಯನ್ನು ನೆನಪಿಸುತ್ತೇವೆ. ಉಕ್ರೇನಿನಲ್ಲಿ ಬಳಕೆಯಲ್ಲಿದ್ದ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಮೂಲಕ ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಹೊರಬಿತ್ತು. ಅಡ್ಮಿನ್ ಅಧಿಕಾರವಿರುವವರು ಲಾಗಿನ್ ಆಗಿದ್ದ ಕಂಪ್ಯೂಟರಿನ ಮೆಮೊರಿಯಲ್ಲಿ ಅವರ ಗುರುತು ಉಳಿದಿರುತ್ತದೆ. ನಾಟ್‌ಪೆಟ್ಯಾ ಅದನ್ನು ಕದ್ದು ಪಕ್ಕದ ಕಂಪ್ಯೂಟರುಗಳಿಗೆ ನುಗ್ಗುತ್ತಿತ್ತು. ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ನ ಡೊಮೇನ್ ಕಂಟ್ರೋಲರುಗಳು, ಅಂದರೆ ಆ್ಯಕ್ಟಿವ್ ಡೈರೆಕ್ಟರಿಯನ್ನು ಇಟ್ಟುಕೊಂಡಿದ್ದ ಸರ್ವರ್‌ಗಳು, ಜಗತ್ತಿನಾದ್ಯಂತ ನಾಶವಾದವು. ಉಳಿದದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದೇ ಒಂದು, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿದ್ದರಿಂದ. ಕರೆಂಟು ಹೋಗುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ, ಆದರೆ ಅದನ್ನು ನಂಬಿ ಸರ್ವರ್ ನಡೆಸಲಾಗದು. ಅಡ್ಮಿನ್ ಖಾತೆಯಿಂದ ಇಮೇಲ್ ನೋಡುವುದು, ಟ್ಯಾಲಿ ತೆರೆಯುವುದು, ಬ್ಯಾಂಕಿನ ಜಾಲತಾಣಕ್ಕೆ ಹೋಗುವುದು, ಇವೆಲ್ಲ ಸೆಪ್ಟೆಂಬರ್ 1ಕ್ಕೆ ನಿಲ್ಲುತ್ತವೆ. ಎರಡು ಸರ್ವರ್ ಇರುವವರು ಒಂದು ಹೋದರೆ ಇನ್ನೊಂದಿದೆ ಎಂದು ಬ್ಯಾಕಪ್ ಕೈಬಿಡಬೇಡಿ. ಒಂದರಲ್ಲಿ ಅಳಿಸಿದ ಖಾತೆ ಇನ್ನೊಂದರಲ್ಲೂ ತಾನಾಗಿಯೇ ಅಳಿಯುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ನಿಮಗೊಂದು ನೆಮ್ಮದಿಯ ಸುದ್ದಿ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬದಲಿಸಿ ಎಂಬ ಒತ್ತಾಯ ಇನ್ನಿಲ್ಲ. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಶಿಫಾರಸುಗಳಿಂದ ಅದನ್ನು ಕೈಬಿಟ್ಟಿದೆ. ಪದೇ ಪದೇ ಬದಲಿಸು ಎಂದರೆ ಜನ ಅಂಗಡಿಯ ಹೆಸರಿನ ಮುಂದೆ 1, 2, 3 ಸೇರಿಸುತ್ತ ಹೋಗುತ್ತಾರೆ ಎಂಬುದನ್ನು ನಾವೂ ಕಣ್ಣಾರೆ ನೋಡಿದ್ದೇವೆ. ಬದಲಿಗೆ ಕನಿಷ್ಠ 14 ಅಕ್ಷರ ಬೇಕು. ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ ಬರೆದರೆ ನೆನಪಿಡಲೂ ಸುಲಭ. ಮರೆತರೆ ನಮಗೆ ಫೋನ್ ಮಾಡಿ ಕಾಯಬೇಕಿಲ್ಲ. ನಿಮ್ಮ ಕಚೇರಿಯಲ್ಲಿ ನಂಬಿಕಸ್ಥರೊಬ್ಬರ ಹೆಸರು ಕೊಡಿ. ಇತರರ ಪಾಸ್‌ವರ್ಡನ್ನು ಹೊಸದಾಗಿ ಹಾಕಿಕೊಡುವ ಅಧಿಕಾರವನ್ನಷ್ಟೇ ಅವರಿಗೆ ವಹಿಸುತ್ತೇವೆ, ಬೇರೆ ಯಾವ ಅಡ್ಮಿನ್ ಅಧಿಕಾರವೂ ಅವರಿಗೆ ಬರುವುದಿಲ್ಲ.

ಹೊಸ ವ್ಯವಸ್ಥೆಯಲ್ಲಿ ಎರಡು ಸಣ್ಣ ಸಂಗತಿಗಳು ದೊಡ್ಡ ತೊಂದರೆ ಕೊಡಬಲ್ಲವು. ಮೊದಲನೆಯದು ಗಡಿಯಾರ. ಕಂಪ್ಯೂಟರ್ ಮತ್ತು ಸರ್ವರ್‌ನ ಸಮಯದಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಸರ್ವರ್ ಟಿಕೆಟ್ ನಿರಾಕರಿಸಬಹುದು. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೆ ಕರೆಂಟು ಹೋಗಿ ಬಂದ ಕೂಡಲೇ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ದಿನಾಂಕಕ್ಕೆ ಹೋಗಿ ಕೂರುತ್ತದೆ. ಬದಲಾವಣೆಯ ದಿನ ಅಂಥ ಬ್ಯಾಟರಿಗಳನ್ನು ನಾವೇ ಹಾಕಿಕೊಡುತ್ತೇವೆ, ಬಿಲ್ಲಿಗೆ ಸೇರಿಸುವುದಿಲ್ಲ. ಎರಡನೆಯದು ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ಆ ಸರ್ವರ್ ಎಲ್ಲಿದೆ ಎಂದು ಹೇಳುವ ಸೇವೆ. ಇಂಟರ್‌ನೆಟ್ ನಿಧಾನ ಎಂದು ಕೇಬಲ್ ಹುಡುಗರು ಬಂದು ಅದನ್ನು ಗೂಗಲ್‌ನ 8.8.8.8 ಎಂದು ಬದಲಿಸಿ ಹೋಗುತ್ತಾರೆ. ನಿಮ್ಮ ಸರ್ವರ್ ಎಲ್ಲಿದೆ ಎಂಬುದು ಗೂಗಲ್‌ಗೆ ಗೊತ್ತಿಲ್ಲ, ಗೊತ್ತಿರಬಾರದು ಕೂಡ. ಕಂಪ್ಯೂಟರುಗಳ ಡಿಎನ್‌ಎಸ್ ನಿಮ್ಮ ಸರ್ವರ್‌ನದೇ ಆಗಿರಬೇಕು. ಆ ಜಾಗವನ್ನು ಯಾರಿಗೂ ಮುಟ್ಟಲು ಬಿಡಬೇಡಿ.

ಖರ್ಚಿನ ಲೆಕ್ಕ: ವಾರ್ಷಿಕ ನಿರ್ವಹಣಾ ಶುಲ್ಕ ಹೆಚ್ಚುವುದಿಲ್ಲ. ಖಾತೆ ಹೆಚ್ಚಿದರೆ ಲೈಸೆನ್ಸ್ ಹೆಚ್ಚು ಬೇಕೇ ಎಂದು ಹಲವರು ಕೇಳಿದ್ದಾರೆ. ಸರ್ವರ್ ಬಳಸುವ ಲೈಸೆನ್ಸನ್ನು ವ್ಯಕ್ತಿಗೆ ಇಷ್ಟು ಎಂದೂ ಪಡೆಯಬಹುದು, ಕಂಪ್ಯೂಟರಿಗೆ ಇಷ್ಟು ಎಂದೂ ಪಡೆಯಬಹುದು. ಮೂರು ಪಾಳಿಯಲ್ಲಿ ಮೂವರು ಒಂದೇ ಕಂಪ್ಯೂಟರ್ ಬಳಸುವ ಮಿಲ್ಲಿಗೆ ಎರಡನೆಯದೇ ಅಗ್ಗ. ವಿಂಡೋಸ್ ಸರ್ವರ್‌ನ ಎಸೆನ್ಷಿಯಲ್ಸ್ ಎಂಬ ಸಣ್ಣ ಕಚೇರಿಗಳ ಆವೃತ್ತಿ ಇರುವವರಿಗೆ 25 ಬಳಕೆದಾರರವರೆಗೆ ಈ ತಾಪತ್ರಯವೇ ಇಲ್ಲ. ವಿಂಡೋಸ್ ಸರ್ವರ್ 2012 ಇಟ್ಟುಕೊಂಡಿರುವವರು ಮಾತ್ರ ಖರ್ಚಿಗೆ ಸಿದ್ಧರಾಗಬೇಕು. ಅದರ ವಿಸ್ತೃತ ಬೆಂಬಲವೂ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ, ಅದರ ಮೇಲೆ ಹೊಸ ವ್ಯವಸ್ಥೆ ಕಟ್ಟುವುದಿಲ್ಲ. 2016ರ ಆವೃತ್ತಿಯ ಬೆಂಬಲ 2027ರ ಜನವರಿ 12ರವರೆಗೆ ಇದೆ.

ಪ್ರೈವೇಟ್ ಲಿಮಿಟೆಡ್ ಆಗಿರುವ ಗ್ರಾಹಕರು ಇನ್ನೊಂದನ್ನು ಗಮನಿಸಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮವಿದೆ. ಭಾರತ ಸರ್ಕಾರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ಸರ್ವರ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು ಎನ್ನುತ್ತದೆ. ದಾಖಲೆ ಇಡುವ ವ್ಯವಸ್ಥೆಯನ್ನು ನಾವು ಮಾಡುತ್ತೇವೆ. ಟ್ಯಾಲಿಯೊಳಗಿನ ಬಳಕೆದಾರರ ಹೆಸರುಗಳು ಸರ್ವರ್‌ನ ಲಾಗಿನ್‌ಗಿಂತ ಬೇರೆ. ಅವನ್ನೂ ವ್ಯಕ್ತಿಗೊಂದರಂತೆ ಇಡಲು ನಿಮ್ಮ ಲೆಕ್ಕಪರಿಶೋಧಕರಿಗೆ ಹೇಳಿ.

ಹತ್ತಿ, ಭತ್ತದ ಆವಕ ಏರುವ ಮುನ್ನ ಎಲ್ಲ ಕಡೆ ಮುಗಿಸಬೇಕೆಂದೇ ಸೆಪ್ಟೆಂಬರ್ ತಿಂಗಳನ್ನು ಆರಿಸಿಕೊಂಡಿದ್ದೇವೆ. ನಿಮ್ಮಲ್ಲಿ ಕೆಲಸ ನಡೆಯುವುದು ವಹಿವಾಟು ಮುಗಿದ ಮೇಲೆ ಸಂಜೆ. ಅಮಾವಾಸ್ಯೆಯಂದು ಅಂಗಡಿ ತೆರೆಯದವರು ಹೇಳಿದರೆ ಅಂದೇ ಹಗಲಿನಲ್ಲಿ ಮಾಡಿಕೊಡುತ್ತೇವೆ. ಆಗಸ್ಟ್ 20ರೊಳಗೆ ಕಂಪ್ಯೂಟರ್ ಬಳಸುವ ಎಲ್ಲರ ಪೂರ್ಣ ಹೆಸರು, ಊರು, ಮಾಡುವ ಕೆಲಸ, ಕೂರುವ ಕಂಪ್ಯೂಟರ್, ಇವಿಷ್ಟನ್ನು ಬರೆದು, ಯಜಮಾನರ ಸಹಿಯೊಂದಿಗೆ ನಮ್ಮ ಕಚೇರಿಗೆ ತಲುಪಿಸಿ. ಕೈಬರಹವಾದರೂ ಸರಿ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಸರ್ವರ್ ನಿರ್ವಹಣಾ ವಿಭಾಗ
ರಾಯಚೂರು