ಊರಿನಿಂದ ಬರುವ ಪೆಟ್ಟಿಗೆ

ಬೇಸಿಗೆ ರಜೆಗೆ ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ತಯಾರಿ ನಮ್ಮಲ್ಲಿ ಅನೇಕರ ಮನೆಗಳಲ್ಲಿ ನಡೆದಿದೆ. ವೀಸಾ, ವಿಮೆ, ವೀಲ್‌ಚೇರ್ ಎಲ್ಲವನ್ನೂ ಮಕ್ಕಳೇ ಇಲ್ಲಿಂದ ನೋಡಿಕೊಳ್ಳುತ್ತಾರೆ. ಪೆಟ್ಟಿಗೆಯಲ್ಲಿ ಏನೇನು ತುಂಬುತ್ತಿದ್ದಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಷ್ಟ ಬರುವುದು ಅಲ್ಲೇ.

ಮೊದಲು ಕೊಬ್ಬರಿ. ಒಣಗಿದ ಗಿಟುಕಿನಲ್ಲಿ ಎಣ್ಣೆ ಹೆಚ್ಚು. ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದು ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಸ್ಕ್ಯಾನಿಂಗ್‌ನಲ್ಲಿ ಕಂಡರೆ ಬೆಂಗಳೂರಿನಲ್ಲೇ ಪೆಟ್ಟಿಗೆ ಬಿಚ್ಚಿಸುತ್ತಾರೆ. ಮಡಿಲಕ್ಕಿಯಲ್ಲಿ ಬಂದ ಗಿಟುಕನ್ನೂ ಊರಲ್ಲೇ ಬಿಟ್ಟು ಬರಲು ಹೇಳಿ.

ದುಬೈ ದಾರಿಯಾಗಿ ಬರುವವರಿಗೆ ಗಸಗಸೆ ಬೇಡವೇ ಬೇಡ. ಯುಎಇ, ಸೌದಿ, ಸಿಂಗಪುರಗಳಲ್ಲಿ ಅದನ್ನು ಮಾದಕವಸ್ತು ಕಾನೂನಿನಡಿ ನೋಡುತ್ತಾರೆ, ಏಕೆಂದರೆ ಅದು ಅಫೀಮು ಗಿಡದ ಬೀಜ. ಮನೆಯಲ್ಲಿ ಮಾಡಿದ ಕುರ್ಮಾ ಮಸಾಲೆ ಪುಡಿಯಲ್ಲೂ ಗಸಗಸೆ ಇರುತ್ತದೆ ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ.

ಅಮೆರಿಕದ ಕೃಷಿ ತಪಾಸಣೆಯ ಲೆಕ್ಕವೇ ಬೇರೆ. ಅವರಿಗೆ ಹುಳುವಿನ ಭಯ. ರಾಜಮುಡಿ ಇರಲಿ, ಸೋನಾ ಮಸೂರಿ ಇರಲಿ, ಭಾರತದ ಅಕ್ಕಿಯನ್ನು ಪ್ರಯಾಣಿಕರು ತರುವುದಕ್ಕೆ 2011ರಿಂದ ನಿಷೇಧವಿದೆ. ಹಸಿ ಕಡಲೆಕಾಳಿಗೂ ಅದೇ ಗತಿ. ಕಾರಣ ಖಾಪ್ರಾ ಎಂಬ ಕಾಳುಹುಳು. ಇದರ ಮರಿ ಆಹಾರವಿಲ್ಲದೆ ವರ್ಷಗಟ್ಟಲೆ ಬದುಕಬಲ್ಲದು, ಗೋಣಿಚೀಲದ ಮಡಿಕೆಯಲ್ಲೂ ಅಡಗುತ್ತದೆ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದ ಈ ಹುಳುವನ್ನು ನಿರ್ಮೂಲ ಮಾಡಲು 1966ರವರೆಗೆ ಹೆಣಗಬೇಕಾಯಿತು. ಹಸಿ ಕರಿಬೇವೂ ಬೇಡ: ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗವನ್ನು ಹರಡುವ ಸಣ್ಣ ಕೀಟಕ್ಕೆ ಕರಿಬೇವು ಅಚ್ಚುಮೆಚ್ಚು. ಫ್ಲೋರಿಡಾದಲ್ಲಿ ಆ ರೋಗ 2005ರಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಬೆಳೆಗಾರರು ಪಟ್ಟಿರುವ ಪಾಡು ನೋಡಿದರೆ ಈ ಬಿಗಿ ಸರಿ ಅನ್ನಿಸುತ್ತದೆ.

ಸಾರಿನ ಪುಡಿ, ಹುರಿದ ಕಾಫಿಯ ಪುಡಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಘೋಷಿಸಲೇಬೇಕು. ಘೋಷಿಸಿದ ವಸ್ತು ನಿಷಿದ್ಧವಾದರೆ ತೆಗೆದಿಟ್ಟುಕೊಂಡು ಕಳಿಸುತ್ತಾರೆ, ದಂಡವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ 10,000 ಡಾಲರ್‌ವರೆಗೂ ಹೋಗಬಹುದು. “ಫುಡ್?” ಎಂದು ಅಧಿಕಾರಿ ಕೇಳಿದಾಗ ಹಿರಿಯರು ಗಾಬರಿಯಲ್ಲಿ “ನೋ” ಅಂದುಬಿಡುತ್ತಾರೆ. ಹಾಗಾಗಿ ತಿಂಡಿಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಡಿಸಿ: ಸಾರಿನ ಪುಡಿ ‘ಸ್ಪೈಸ್ ಪೌಡರ್’, ಚಟ್ನಿಪುಡಿ ‘ರೋಸ್ಟೆಡ್ ಲೆಂಟಿಲ್ ಪೌಡರ್’. ಪ್ರತಿ ಪೊಟ್ಟಣದ ಮೇಲೂ ಅದೇ ಹೆಸರಿನ ಚೀಟಿ ಅಂಟಿರಲಿ. ತಿಂಡಿಯೆಲ್ಲ ಒಂದೇ ಪೆಟ್ಟಿಗೆಯಲ್ಲಿದ್ದರೆ ಇನ್ನೊಂದನ್ನು ಕೆದಕುವ ಪ್ರಮೇಯ ಕಡಿಮೆ.

ಊರಿಗೆ ಹೋಗಿಬರುವ ನಮ್ಮಂಥವರಿಗೂ ಈ ಮಾತು ಅನ್ವಯಿಸುತ್ತದೆ. ಗ್ಲೋಬಲ್ ಎಂಟ್ರಿ (ಅಮೆರಿಕದಲ್ಲಿ ಇಳಿದಾಗ ತಪಾಸಣೆ ಬೇಗ ಮುಗಿಸಿಕೊಡುವ ಸೌಲಭ್ಯ) ಇರುವವರು ಘೋಷಿಸದೆ ಒಂದು ಹಣ್ಣು ತಂದರೂ ಆ ಸೌಲಭ್ಯ ರದ್ದಾಗಬಹುದು.