ಮಂಕಾದ ಹೆಡ್‌ಲೈಟಿಗೆ ಹೆಚ್ಚು ವ್ಯಾಟಿನ ಬಲ್ಬು ಮದ್ದಲ್ಲ

ಮಾನ್ಯ ಸಂಪಾದಕರೇ,

ಎದುರಿನಿಂದ ಬರುವ ವಾಹನಗಳ ಕಣ್ಣು ಕೋರೈಸುವ ದೀಪಗಳ ಬಗ್ಗೆ ಓದುಗರ ಅಂಕಣದಲ್ಲಿ ಆಗಾಗ ದೂರುಗಳು ಬರುತ್ತಿರುತ್ತವೆ. ಅವು ನ್ಯಾಯವಾದ ದೂರುಗಳೇ. ಆದರೆ ಹಳೆಯ ಕಾರುಗಳ ಮಟ್ಟಿಗೆ ಈ ತೊಂದರೆ ಹುಟ್ಟುವುದೆಲ್ಲಿ ಎಂಬುದೂ ಚರ್ಚೆಯಾಗಬೇಕು. ಕಾರಿಗೆ ಹದಿನೈದು, ಇಪ್ಪತ್ತು ವರ್ಷವಾಗುವ ಹೊತ್ತಿಗೆ ಹೆಡ್‌ಲೈಟಿನ ಬೆಳಕು ಹಳದಿಗೆ ತಿರುಗಿ ಮಂಕಾಗುತ್ತದೆ. ಮಾಲೀಕರು 60/55 ವ್ಯಾಟಿನ (ಹೈಬೀಮಿಗೆ 60, ಲೋಬೀಮಿಗೆ 55) ಬಲ್ಬು ತೆಗೆಸಿ 100/90 ವ್ಯಾಟಿನದನ್ನೋ ಎಲ್‌ಇಡಿಯನ್ನೋ ಹಾಕಿಸಿಬಿಡುತ್ತಾರೆ. ಬಹಳಷ್ಟು ಸಲ ದೋಷವಿರುವುದು ಬಲ್ಬಿನಲ್ಲಲ್ಲ, ಬಲ್ಬಿಗೆ ಕರೆಂಟು ತಲುಪುವ ದಾರಿಯಲ್ಲಿ.

ಮಾರುತಿ 800, ಓಮ್ನಿಯಂಥ ಅಂದಿನ ಅನೇಕ ಕಾರುಗಳಲ್ಲಿ ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಯಬಿಡುವ ಸಾಧನ) ಇರಲಿಲ್ಲ. ಲೋಬೀಮಿನಲ್ಲಿ ಎರಡೂ ದೀಪಗಳು ಸೇರಿ ಎಳೆಯುವ ಸುಮಾರು 9 ಆಂಪಿಯರ್ ಕರೆಂಟು ಸ್ಟೀರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್ಚಿನ ಪುಟ್ಟ ಕಾಂಟ್ಯಾಕ್ಟುಗಳನ್ನೇ ಹಾದುಹೋಗಬೇಕು. ವರ್ಷಗಳು ಕಳೆದಂತೆ ಆ ಕಾಂಟ್ಯಾಕ್ಟುಗಳು ಸುಟ್ಟು ಕಪ್ಪಾಗುತ್ತವೆ, ವೈರುಗಳನ್ನು ಜೋಡಿಸುವ ಕಪ್ಲರಿನ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ, ಕಾರಿನ ಲೋಹದ ಮೈಗೆ ಅರ್ಥ್ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಕೊಟ್ಟ ಬೋಲ್ಟಿನ ಕೆಳಗೆ ತುಕ್ಕು ಕೂರುತ್ತದೆ. ಮಲೆನಾಡಿನ ಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಸಿಕ್ಕ ಕಾರುಗಳಲ್ಲಿ ಇದು ಇನ್ನೂ ಬೇಗ. ಹ್ಯಾಲೊಜನ್ ಬಲ್ಬಿನ ಗುಣ ಹೇಗೆಂದರೆ, ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಹತ್ತಿರ ಹತ್ತಿರ ಶೇ 30ರಷ್ಟು ಕುಸಿಯುತ್ತದೆ.

ನಮ್ಮ ಮನೆಯ ಹಳೆಯ 800ರಲ್ಲಿ ಇದನ್ನು ಅಳೆದು ನೋಡಿದ್ದೇನೆ. ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವಾಗ, ಬ್ಯಾಟರಿಯಲ್ಲಿ 13.9 ವೋಲ್ಟ್ ಇದ್ದರೆ ಬಲ್ಬಿನ ಹೋಲ್ಡರಿನಲ್ಲಿ ಸಿಕ್ಕಿದ್ದು 11.2 ಮಾತ್ರ. ಬಲ್ಬು ಕಳಚಿ ಅಳೆದರೆ ಈ ಕೊರತೆ ಕಾಣಿಸುವುದೇ ಇಲ್ಲ, ಏಕೆಂದರೆ ಕರೆಂಟು ಹರಿಯದಿದ್ದರೆ ವೋಲ್ಟೇಜು ಇಳಿಯುವುದಿಲ್ಲ. ಗ್ಯಾರೇಜಿನಲ್ಲಿ ಅಲ್ಪ ಕರೆಂಟನ್ನಷ್ಟೇ ಎಳೆಯುವ ಟೆಸ್ಟ್ ಲ್ಯಾಂಪ್ ಮುಟ್ಟಿಸಿ ‘ಕರೆಂಟು ಸರಿಯಾಗಿ ಬರ್ತಿದೆ’ ಎಂದು ಹೇಳಿ ಕಳಿಸುವುದು ಇದೇ ಕಾರಣಕ್ಕೆ. ವೋಲ್ಟೇಜು ಎಲ್ಲಿ ಕಳೆದುಹೋಗುತ್ತಿದೆ ಎಂದು ಹುಡುಕಲು, ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಹೋಲ್ಡರಿಗೆ ಪಾಸಿಟಿವ್ ಬರುವ ಪಿನ್ನಿಗೂ ಹಿಡಿಯಬೇಕು, ಆಮೇಲೆ ನೆಗೆಟಿವ್ ಕಡೆಯಲ್ಲೂ ಹಾಗೆಯೇ ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದ ಕಡೆ ದೋಷವಿದೆ ಎಂದರ್ಥ. ಕೆಲವು ಕಾರುಗಳಲ್ಲಿ ಸ್ವಿಚ್ಚು ಪಾಸಿಟಿವ್ ದಾರಿಯಲ್ಲಿದ್ದರೆ ಇನ್ನು ಕೆಲವುಗಳಲ್ಲಿ ಅರ್ಥ್ ದಾರಿಯಲ್ಲಿರುತ್ತದೆಯಾದ್ದರಿಂದ, ವೈರಿಂಗ್ ಹೇಗಿದೆಯೆಂದು ಮೊದಲು ಖಚಿತಪಡಿಸಿಕೊಳ್ಳದೆ ಕತ್ತರಿ ಹಾಕಬಾರದು. ನಮ್ಮ ಕಾರಿನಲ್ಲಿ ಅರ್ಥ್ ಬೋಲ್ಟೊಂದರಲ್ಲೇ ಸುಮಾರು ಒಂದು ವೋಲ್ಟ್ ಹೋಗುತ್ತಿತ್ತು, ಉಳಿದದ್ದು ಸ್ವಿಚ್ಚು ಮತ್ತು ಕಪ್ಲರುಗಳಲ್ಲಿ. ಎಡಗಡೆಯ ಹೋಲ್ಡರನ್ನು ಕಿತ್ತು ನೋಡಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು, ಹಿತ್ತಾಳೆಯ ಮೇಲೆ ಹಸಿರು ಕಿಲುಬು ಪುಡಿಪುಡಿಯಾಗಿ ಉದುರುತ್ತಿತ್ತು.

ದುರಸ್ತಿಗೆ ದೊಡ್ಡ ಖರ್ಚೇನೂ ಬೇಕಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಅರ್ಥ್ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಿಗಿಯಾಗಿ ಕೂರಿಸಿ ಮೇಲೆ ವ್ಯಾಸಲೀನ್ ಸವರಬೇಕು. ಸುಟ್ಟ ಹೋಲ್ಡರನ್ನು ಬದಲಿಸಲೇಬೇಕು. ಅದರ ಜೊತೆಗೆ ಎರಡು ರಿಲೇ ಹಾಕಿಸಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರನ್ನು ನೇರವಾಗಿ ತಂದರೆ, ಹಳೆಯ ಸ್ವಿಚ್ಚಿನ ಪಾಲಿಗೆ ಉಳಿಯುವುದು ರಿಲೇಯನ್ನು ಎಳೆಯುವಷ್ಟು ಅಲ್ಪ ಕರೆಂಟು ಮಾತ್ರ. ಫ್ಯೂಸ್ ಬ್ಯಾಟರಿಯ ಬುಡದಲ್ಲೇ ಇರಬೇಕು. ದೂರದಲ್ಲಿಟ್ಟರೆ, ನಡುವೆ ವೈರು ಉಜ್ಜಿ ಕಾರಿನ ಲೋಹದ ಮೈಗೆ ತಗುಲಿದಾಗ ಬೆಂಕಿ ಹೊತ್ತಿಕೊಳ್ಳುವುದನ್ನು ತಡೆಯುವುದಕ್ಕೆ ಏನೂ ಇರುವುದಿಲ್ಲ. ಇಷ್ಟು ಮಾಡಿದ ಮೇಲೆ ಅದೇ ಹಳೆಯ 60/55 ಬಲ್ಬಿನಲ್ಲಿ ರಸ್ತೆಯ ಅಂಚು, ಗುಂಡಿ, ಬದಿಯಲ್ಲಿ ನಡೆದು ಹೋಗುವವರು ಎಲ್ಲವೂ ಕಾಣತೊಡಗಿತು.

ಈ ಕೆಲಸ ಬಿಟ್ಟು 100 ವ್ಯಾಟಿನ ಬಲ್ಬು ಹಾಕಿದರೆ, ಮೊದಲೇ ಸೋತ ವೈರಿನ ಮೇಲೆ ಮತ್ತಷ್ಟು ಹೊರೆ ಹೇರಿದಂತಾಗುತ್ತದೆ. ಹೈಬೀಮಿನಲ್ಲಿ ಎರಡು ಬಲ್ಬಿಗೆ 10 ಆಂಪಿಯರ್ ಇದ್ದದ್ದು 16 ದಾಟುತ್ತದೆ, ಹೋಲ್ಡರು ಕರಗುತ್ತದೆ. ಹ್ಯಾಲೊಜನ್‌ಗೆಂದು ಮಾಡಿದ ರಿಫ್ಲೆಕ್ಟರಿನಲ್ಲಿ ಅಗ್ಗದ ಎಲ್‌ಇಡಿ ಕೂರಿಸಿದರೆ ಬೆಳಕು ಬೀಳಬೇಕಾದಲ್ಲಿ ಬೀಳದೆ ಚದುರಿ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಮಂಜಿನ ನಡುವೆ ಅಂಥ ಬೆಳಕು ಮುಖಕ್ಕೆ ಬಿದ್ದಾಗ ಬೈಕಿನವರ ಪಾಡೇನು?

ಖಾಸಗಿ ಕಾರುಗಳು 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣದ ತಪಾಸಣೆಗೆ ಹೋಗಲೇಬೇಕು. ದೀಪ ಉರಿಯುತ್ತಿರುವಾಗ ಹೋಲ್ಡರಿನಲ್ಲಿ ಎಷ್ಟು ವೋಲ್ಟ್ ಇದೆ ಎಂಬ ಒಂದು ಅಳತೆಯನ್ನು ಸಾರಿಗೆ ಇಲಾಖೆ ಆ ತಪಾಸಣೆಗೆ ಸೇರಿಸಬೇಕು. ಜನವರಿಯ ರಸ್ತೆ ಸುರಕ್ಷತಾ ಮಾಸದಲ್ಲಿ ಐಟಿಐ ವಿದ್ಯಾರ್ಥಿಗಳಿಂದ ಊರೂರಲ್ಲಿ ಇದೇ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಿದರೆ ಅವರಿಗೂ ಕೈ ಪಳಗುತ್ತದೆ. ಅಲ್ಲಿಯವರೆಗೆ ಹಳೆಯ ಕಾರಿನ ಮಾಲೀಕರು ಬಲ್ಬಿಗೆ ದುಡ್ಡು ಕೊಡುವ ಮುನ್ನ, ‘ಬ್ಯಾಟರಿಯಲ್ಲಿ ಎಷ್ಟಿದೆ, ಹೋಲ್ಡರಿನಲ್ಲಿ ಎಷ್ಟಿದೆ, ಅಳೆದು ತೋರಿಸಿ’ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ತೀರ್ಥಹಳ್ಳಿ