ರೊಟ್ಟಿ-ಪಲ್ಯದ ತಾಟಿನಲ್ಲಿ ಬಿ12 ಇಲ್ಲ

ಮಾನ್ಯ ಸಂಪಾದಕರೇ,

ಹಾಲು-ಮೊಸರನ್ನೂ ಬಿಟ್ಟು ಪೂರ್ಣ ಸಸ್ಯಾಹಾರಕ್ಕೆ ಹೊರಳುವವರು ಒಂದು ವಿಷಯ ಮರೆಯಬಾರದು. ಜೋಳದ ರೊಟ್ಟಿ, ಮಡಿಕೆಕಾಳು, ಹಸಿ ಹಕ್ಕರಿಕೆ, ಗುರೆಳ್ಳು ಚಟ್ನಿಯಿಂದ ಬಹುಪಾಲು ಪೋಷಕಾಂಶ ಸಿಗುತ್ತದೆ, ಬಿ12 ಜೀವಸತ್ವ ಮಾತ್ರ ಸಿಗದು. ಅದನ್ನು ತಯಾರಿಸುವುದು ಗಿಡವಲ್ಲ, ಬ್ಯಾಕ್ಟೀರಿಯಾ. ಹುಳಿ ಅಂಬಲಿಯನ್ನೂ ನಂಬುವಂತಿಲ್ಲ. ಸ್ಪಿರುಲಿನಾ ಎಂಬ ಪಾಚಿಪುಡಿಯಲ್ಲಿರುವುದು ಹೆಚ್ಚಾಗಿ ದೇಹಕ್ಕೆ ಒಗ್ಗದ ರೂಪ. ಯಕೃತ್ತಿನ ಸಂಗ್ರಹ ವರ್ಷಗಟ್ಟಲೆ ಸಾಗುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಜೀವಸತ್ವ ರಕ್ತಹೀನತೆಯನ್ನು ಮರೆಮಾಚಬಹುದು, ಒಳಗೆ ನರಹಾನಿ ಮುಂದುವರಿಯುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ ಸರಿಯಿದೆ ಎಂದು ಸುಮ್ಮನಾಗಬೇಡಿ. ಪಾದ ಜೋಮು ಹಿಡಿದರೆ, ನಾಲಿಗೆ ಉರಿದರೆ ಬಿ12 ಪರೀಕ್ಷೆ ಮಾಡಿಸಿ.

ಆರೋಗ್ಯವಂತ ವಯಸ್ಕರಿಗೆ ಸಯನೊಕೋಬಾಲಮಿನ್ (ಮಾತ್ರೆಯಲ್ಲಿ ಸಿಗುವ ಬಿ12) ದಿನಕ್ಕೆ 50 ಅಥವಾ ವಾರಕ್ಕೊಮ್ಮೆ 2,000 ಮೈಕ್ರೋಗ್ರಾಂ ಸಾಕು. ವಾರದ ಪ್ರಮಾಣ ಅಷ್ಟು ದೊಡ್ಡದಿರಲು ಕಾರಣ, ಒಮ್ಮೆಗೆ ಹೆಚ್ಚು ನುಂಗಿದಷ್ಟೂ ಹೀರಿಕೆಯ ಪಾಲು ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು, ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು.

ಉಳಿದದ್ದು ಅಡುಗೆಮನೆಯಲ್ಲೇ ಸರಿಯಾಗುತ್ತದೆ. ನಿಂಬೆರಸವನ್ನು ಪಲ್ಯ ಇಳಿಸಿದ ಮೇಲೆ ಹಿಂಡಿ, ಕಾಯಿಸಿದರೆ ಸಿ ಜೀವಸತ್ವ ಹಾಳು. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರವಿಲ್ಲದಿದ್ದರೆ ಕಾಳಿನ ಕಬ್ಬಿಣಾಂಶ ಸರಿಯಾಗಿ ಹತ್ತದು. ಗಜ್ಜರಿಯ ಎ ಜೀವಸತ್ವದ ಅಂಶ ಹತ್ತಲು ಚಮಚೆ ಶೇಂಗಾ ಎಣ್ಣೆ ಇರಲಿ. ಅಗಸಿಯನ್ನು ಪುಡಿ ಮಾಡಿಯೇ ತಿನ್ನಿ, ಇಡೀ ಕಾಳು ಜೀರ್ಣವಾಗದು.

– ಆಹಾರ ಸಲಹೆಗಾರರು, ವಿಜಯಪುರ